ಎಟಿವಿಯ ಹಿಂದಿನ ಡಿಫರೆನ್ಷಿಯಲ್, ಆಕ್ಸಲ್ ಬದಲಿಸೋದು: ಗೋವಾದ ಮಳೆ-ಮಣ್ಣಿಗೆ ತಕ್ಕಂತೆ

ಗೋವಾದ ಕೆಂಪು ರಾಡಿಯಲ್ಲಿ, ಹಳ್ಳದ ನೀರಲ್ಲಿ ಓಡೋ ಎಟಿವಿಗಳ (ಕಚ್ಚಾ ದಾರಿಗೆ ಮಾಡಿದ ಸಣ್ಣ ನಾಲ್ಕು ಚಕ್ರದ ಗಾಡಿ) ಹಿಂದಿನ ಡಿಫರೆನ್ಷಿಯಲ್ (ಇಂಜಿನ್ನಿನ ಶಕ್ತಿಯನ್ನ ಎರಡು ಚಕ್ರಕ್ಕೂ ದಾಟಿಸೋ ಗೇರ್ ಪೆಟ್ಟಿಗೆ) ಕೆಡೋದಕ್ಕೆ ದೊಡ್ಡ ಕಾರಣ ಒಳಗೆ ಸೇರೋ ನೀರು. ಗೇರಿನ ಹಲ್ಲು ಹೋಗಿದೆ ಅಂತ ಹೊಸದು ತಂದು ಕೂರಿಸಿ, ನೀರು ನುಗ್ಗಿದ ದಾರಿಯನ್ನ ಹಾಗೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಹೊಸದೂ ಹೋಗುತ್ತೆ.

ದುಡ್ಡು ಹಾಕೋ ಮೊದಲು ತಪ್ಪು ಎಲ್ಲಿದೆ ಅಂತ ಖಾತ್ರಿ ಮಾಡ್ಕೊಳ್ಳಿ. ತಿರುವಿನಲ್ಲಿ ಮಾತ್ರ ಟಕ್ ಟಕ್ ಅಂದ್ರೆ ಅದು ಹೆಚ್ಚಾಗಿ ಮುಂದಿನ ಆಕ್ಸಲ್‌ನ ಸಿವಿ ಜಾಯಿಂಟ್ (ಆಕ್ಸಲ್ ಬಾಗಿದರೂ ತಿರುಗೋಕೆ ಬಿಡೋ ಕೀಲು). ಆಕ್ಸಿಲರೇಟರ್ ಕೊಟ್ಟಾಗ, ಬಿಟ್ಟಾಗ ಒಂದು ಹೊಡೆತ ಬಂದ್ರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ (ಇಂಜಿನ್ ಕಡೆಯಿಂದ ಡಿಫರೆನ್ಷಿಯಲ್ಲಿಗೆ ಬರೋ ದಂಡ) ಸ್ಪ್ಲೈನ್ (ತುದಿಯಲ್ಲಿರೋ ಉದ್ದುದ್ದ ಹಲ್ಲು), ಕ್ರಾಸ್ ಜಾಯಿಂಟ್ ನೋಡಿ. ಒಂದೇ ಸಮ ಗುಂಯ್‌ಗುಡುತ್ತಾ ವೇಗದ ಜೊತೆ ಏರೋ ಸದ್ದು ಬೇರಿಂಗ್ ಅಥವಾ ಗೇರಿನದ್ದು. ಆಯಿಲ್ ಇಳಿಸಿ ನೋಡಿ: ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ. ಡ್ರೇನ್ ಬೋಲ್ಟಿನ ಮ್ಯಾಗ್ನೆಟ್ ಮೇಲೆ ನುಣ್ಣನೆ ಬೂದು ಪೇಸ್ಟ್ ಇರೋದು ಸಹಜ, ಲೋಹದ ಚೂರು ಸಿಕ್ಕರೆ ಗೇರ್ ಅಥವಾ ಬೇರಿಂಗ್ ಹೋಯ್ತು. ಡ್ರೇನ್ ಬಿಚ್ಚೋಕೆ ಮುಂಚೆ ಫಿಲ್ಲರ್ ಬೋಲ್ಟ್ ಸಡಿಲಿಸಿ. ಅದು ಜಂಗು ಹಿಡಿದು ಕಚ್ಚಿಕೊಂಡಿದ್ದರೆ ಆಯಿಲ್ ಇಳಿಸಿದ ಮೇಲೆ ತುಂಬೋಕೆ ದಾರಿ ಇರಲ್ಲ.

ಇನ್ನೊಂದು ಮಾತು. ಎಡ-ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋದು ಡಿಫರೆನ್ಷಿಯಲ್. ಹೆಸರು ಅದೇ ಆದರೂ ಅನೇಕ ಎಟಿವಿಗಳ ಹಿಂದಿನ ಪೆಟ್ಟಿಗೆಯಲ್ಲಿ ಎರಡೂ ಚಕ್ರ ಒಟ್ಟಿಗೇ ತಿರುಗುತ್ತವೆ. ಎತ್ತಿ ತಿರುಗಿಸಿದಾಗ ಎರಡೂ ಒಂದೇ ದಿಕ್ಕಿಗೆ ಹೋದರೆ ಜಾಮ್ ಆಗಿದೆ ಅಂದ್ಕೋಬೇಡಿ. ಚೈನ್ ಇರೋ ಸಣ್ಣ 110, 125 ಸಿಸಿ ಗಾಡಿಗಳ ಕೆಲಸವೇ ಬೇರೆ, ಇಲ್ಲಿ ಹೇಳಿರೋದು ಶಾಫ್ಟ್ ಡ್ರೈವ್ ಇದ್ದು ಎಡ-ಬಲ ಪ್ರತ್ಯೇಕ ಆಕ್ಸಲ್ ಇರೋ ಗಾಡಿಗೆ.

ಡಿಫರೆನ್ಷಿಯಲ್ ತರುವಾಗ ಚಾಸಿ ನಂಬರ್ ಕೊಟ್ಟೇ ತರಿಸಿ. ಹಳೆಯದರ ಜೊತೆ ಇಟ್ಟು, ಔಟ್‌ಪುಟ್ ಒಂದು ಸುತ್ತು ಬರೋಕೆ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಸೇರೋ ಕಡೆಯ ಸಣ್ಣ ಗೇರ್) ಎಷ್ಟು ಸುತ್ತು ಹೋಗುತ್ತೆ ಅಂತ ಎಣಿಸಿ. ಅನುಪಾತ ಬೇರೆ ಇದ್ದರೆ ಫೋರ್ ವೀಲ್ ಡ್ರೈವ್ ಹಾಕಿದಾಗ ಹಿಂದಿನ, ಮುಂದಿನ ಡಿಫರೆನ್ಷಿಯಲ್ ನಡುವೆ ಎಳೆದಾಟ ಶುರುವಾಗಿ ಎರಡೂ ಹಾಳಾಗುತ್ತವೆ. ಜೊತೆಗೆ ಹೊಸ ಸರ್ಕ್ಲಿಪ್ (ಆಕ್ಸಲ್‌ನ ಒಳತುದಿಯನ್ನ ಹಿಡಿದಿಡೋ ತಂತಿ ಉಂಗುರ) 2, ಸ್ಪ್ಲಿಟ್ ಪಿನ್ (ಹಬ್ ನಟ್ ಸಡಿಲಾಗದಂತೆ ತಡೆಯೋ ಪಿನ್) 2, ಡ್ರೇನ್-ಫಿಲ್ಲರ್ ವಾಷರ್ 2, ನೀಲಿ ಥ್ರೆಡ್ ಲಾಕರ್ (ಬೋಲ್ಟ್ ಸಡಿಲಾಗದಂತೆ ಹಚ್ಚೋ ಅಂಟು), ಮಾಲಿ ಗ್ರೀಸ್ (ಮಾಲಿಬ್ಡಿನಮ್ ಬೆರೆಸಿದ ಗ್ರೀಸ್), ಗೇರ್ ಆಯಿಲ್. ಹೆಚ್ಚಿನವಕ್ಕೆ ಹೈಪಾಯ್ಡ್ ಗೇರ್ ಆಯಿಲ್ ಸಾಕು, ಆದರೆ ಪೆಟ್ಟಿಗೆಯೊಳಗೇ ಬ್ರೇಕ್ ಇರೋ ಗಾಡಿಗೆ ಮ್ಯಾನ್ಯುಯಲ್‌ನಲ್ಲಿ ಹೇಳಿದ್ದನ್ನೇ ಹಾಕಬೇಕು. ಆಯಿಲ್ ಸೀಲ್ ಮೇಲೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಅಂತ ಮೂರು ಅಂಕಿ ಅಚ್ಚಾಗಿರುತ್ತವೆ. ಅದನ್ನ ಬರೆದುಕೊಂಡು ಹೋದರೆ ಮಡಗಾಂವ್‌ನ ಅಥವಾ ಬೆಳಗಾವಿಯ ಬೇರಿಂಗ್ ಅಂಗಡಿಯಲ್ಲಿ ವಿಚಾರಿಸೋದು ಸುಲಭ.

ಕಡಲ ಗಾಳಿಗೆ ಬೋಲ್ಟುಗಳು ಕಚ್ಚಿರುತ್ತವೆ, ಹಿಂದಿನ ರಾತ್ರಿಯೇ ರಸ್ಟ್ ಸ್ಪ್ರೇ ಹೊಡೆದಿಡಿ. ಗಾಡಿ ನೆಲದ ಮೇಲಿರುವಾಗಲೇ, ಸ್ಪ್ಲಿಟ್ ಪಿನ್ ತೆಗೆದು, ಬ್ರೇಕ್ ಹಿಡಿದು ಹಬ್ ನಟ್ (ಆಕ್ಸಲ್‌ನ ಹೊರತುದಿಯ ನಟ್) ಸಡಿಲಿಸಿ. ಆಮೇಲೆ ಎತ್ತಿ, ಸ್ಟ್ಯಾಂಡ್ ಫ್ರೇಮಿನ ಕೆಳಗೆ ಕೊಡಿ, ಸಸ್ಪೆನ್ಷನ್ ಆರ್ಮಿನ ಕೆಳಗಲ್ಲ. ಚಕ್ರ ತೆಗೆದು, ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಕಟ್ಟಿ ನೇತುಹಾಕಿ. ಹೋಸ್ ಮೇಲೆ ಭಾರ ಬೀಳಬಾರದು. ಮೇಲಿನ ಆರ್ಮಿನ ಬೋಲ್ಟ್ ತೆಗೆದು ನಕಲ್ (ಹಬ್ ಹಿಡಿದಿರೋ ಭಾಗ) ಹೊರಕ್ಕೆ ವಾಲಿಸಿದರೆ ಆಕ್ಸಲ್ ತುದಿ ಹಬ್‌ನಿಂದ ಹೊರಬರುತ್ತೆ. ಬರದಿದ್ದರೆ ನಟ್ಟನ್ನ ತುದಿಯ ಸಮಕ್ಕೆ ತಿರುಗಿಸಿ, ಮರದ ತುಂಡು ಇಟ್ಟು ಬಡಿಯಿರಿ. ಬರೀ ಥ್ರೆಡ್ ಮೇಲೆ ಸುತ್ತಿಗೆ ಬಿದ್ದರೆ ಆಕ್ಸಲ್ಲೇ ಕೆಡುತ್ತೆ.

ಒಳತುದಿ ತೆಗೆಯುವಾಗ ಹೆಚ್ಚಿನವರು ಶಾಫ್ಟ್ ಹಿಡಿದು ಜಗ್ಗುತ್ತಾರೆ. ಹಾಗೆ ಮಾಡಿದರೆ ಸರ್ಕ್ಲಿಪ್ ಬಿಡೋ ಬದಲು ಜಾಯಿಂಟ್ ಅದರ ರಬ್ಬರ್ ಬೂಟಿನೊಳಗೇ ಬಿಚ್ಚಿಹೋಗುತ್ತೆ. ಜಾಯಿಂಟಿನ ಕಪ್ ಹಿಂದೆ, ಹೌಸಿಂಗಿಗೆ ಒತ್ತಿ ಲಿವರ್ ಕೊಟ್ಟು ಒಂದೇ ಏಟಿಗೆ ಮೀಟಿ. ಸೀಲಿನ ತುಟಿಗೆ ಲಿವರ್ ತಾಗದಂತೆ ನೋಡ್ಕೊಳ್ಳಿ.

ವೆಂಟ್ ಪೈಪ್ (ಪೆಟ್ಟಿಗೆಗೆ ಗಾಳಿಯಾಡೋ ಸಣ್ಣ ಕೊಳವೆ), ಪ್ರೊಪೆಲ್ಲರ್ ಶಾಫ್ಟ್, ವೈರಿದ್ದರೆ ಅದರ ಸಾಕೆಟ್, ಕೊನೆಗೆ ಮೌಂಟಿಂಗ್ ಬೋಲ್ಟ್ ತೆಗೆದು, ಪೆಟ್ಟಿಗೆಯನ್ನ ಓರೆ ಮಾಡಿ ಪಕ್ಕದಿಂದ ಹೊರತೆಗೆಯಿರಿ. ಬಂದ ಕೋನದ ಫೋಟೋ ತೆಗೆದಿಟ್ಟರೆ ಹೊಸದನ್ನ ತೂರಿಸುವಾಗ ಕೈಯಾಡಿಸೋದು ತಪ್ಪುತ್ತೆ. ಅಡ್ಡ ಬಂದರೆ ಸೈಲೆನ್ಸರ್ ಇಳಿಸಬೇಕಾಗಬಹುದು.

ಈಗ ಆ ವೆಂಟ್ ಪೈಪ್. ಕಾದ ಪೆಟ್ಟಿಗೆ ಹಳ್ಳದ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತೆ. ಪೈಪ್ ಕಟ್ಟಿಕೊಂಡಿದ್ದರೆ ಸೀಲಿನ ಅಂಚಿನಿಂದಲೇ ನೀರು ಒಳಗೆ ಎಳೆದುಕೊಳ್ಳುತ್ತೆ. ಪೈಪ್ ಕೆಳಗೆ ನೇತಾಡುತ್ತಿದ್ದರೆ ಅದರಿಂದಲೇ ನೀರು ಒಳಹೋಗುತ್ತೆ. ಬಾಯಿಂದ ಊದಿ, ಗಾಳಿ ಆರಾಮಾಗಿ ಹೋಗಬೇಕು. ತುದಿಯನ್ನ ಸೀಟಿನ ಕೆಳಗೆ ಎತ್ತರಕ್ಕೆ ಒಯ್ದು, ಬಾಯಿ ಕೆಳಮುಖವಾಗಿ ಬಾಗಿಸಿ ಕಟ್ಟಿ.

ಕೂರಿಸುವಾಗ ಸೀಲಿನ ತುಟಿಗೆ ಗ್ರೀಸ್, ಸ್ಪ್ಲೈನಿಗೆ ಮಾಲಿ ಗ್ರೀಸ್. ಪ್ರೊಪೆಲ್ಲರ್ ಶಾಫ್ಟಿನ ಸ್ಪ್ಲೈನ್ ಕೂರಿಸಿ, ಮೌಂಟಿಂಗ್ ಬೋಲ್ಟುಗಳಿಗೆ ಲಾಕರ್ ಹಚ್ಚಿ ಎಲ್ಲವನ್ನೂ ಮೊದಲು ಕೈಯಲ್ಲೇ ಹತ್ತಿಸಿ, ಆಮೇಲೆ ಮ್ಯಾನ್ಯುಯಲ್‌ನ ಟಾರ್ಕಿಗೆ ಬಿಗಿ ಮಾಡಿ. ಆಕ್ಸಲ್ ಒಳನೂಕುವಾಗ ಸರ್ಕ್ಲಿಪ್ ಕೂತ 'ಟಿಕ್' ಕೈಗೆ ಗೊತ್ತಾಗಬೇಕು. ಆಮೇಲೆ ಕಪ್ ಹಿಡಿದು ಮೆತ್ತಗೆ ಎಳೆದು ನೋಡಿ, ಬಂದರೆ ಕೂತಿಲ್ಲ. ಬಡಿದು ಕೂರಿಸೋಕೆ ಹೋಗಬೇಡಿ, ಸ್ವಲ್ಪ ತಿರುಗಿಸಿ ಮತ್ತೆ ನೂಕಿ.

ಹೊಸ ಪೆಟ್ಟಿಗೆ ಸಾಮಾನ್ಯವಾಗಿ ಒಣಗಿಯೇ ಬರುತ್ತೆ. ಆಯಿಲ್ ಹಾಕಿದ್ದಾರೆ ಅಂದ್ಕೊಂಡು ಓಡಿಸಿದರೆ ಅಷ್ಟೇ ಕಥೆ. ಗಾಡಿ ಸಮತಲದಲ್ಲಿ ನಿಲ್ಲಿಸಿ ಆಯಿಲ್ ತುಂಬಿ, ಮಟ್ಟ ಎಲ್ಲಿಗಿರಬೇಕು ಅನ್ನೋದನ್ನ ಮ್ಯಾನ್ಯುಯಲ್‌ನಲ್ಲಿ ನೋಡಿ. ಎಷ್ಟೋ ಗಾಡಿಗಳಲ್ಲಿ ಅದು ಫಿಲ್ಲರ್ ತೂತಿನ ಕೆಳಅಂಚು, ಇನ್ನು ಕೆಲವಕ್ಕೆ ಅಳತೆಯ ಪ್ರಮಾಣವೇ ಲೆಕ್ಕ.

ಹಬ್ ನಟ್‌ನ ಕೊನೆಯ ಬಿಗಿ ಚಕ್ರ ನೆಲಕ್ಕಿಳಿದ ಮೇಲೆ. ಸ್ಪ್ಲಿಟ್ ಪಿನ್ ತೂತು ಸರಿಹೊಂದದಿದ್ದರೆ ಇನ್ನಷ್ಟು ಬಿಗಿ ಮಾಡಿ ಹೊಂದಿಸಿ, ಸಡಿಲಿಸಬೇಡಿ. ಅರ್ಧ ತಾಸು ಓಡಿಸಿ ಬಂದು ಸೀಲುಗಳ ಸುತ್ತ ಒರೆಸಿ ನೋಡಿ, ಎಣ್ಣೆ ಕಂಡರೆ ಆಕ್ಸಲ್ ತೂರಿಸುವಾಗ ಸ್ಪ್ಲೈನ್ ಸೀಲಿನ ತುಟಿಯನ್ನ ಕೊಯ್ದಿರಬಹುದು. ಮೊದಲ ಆಯಿಲನ್ನ ಬೇಗ ಬದಲಿಸಿ. ನೀರು ಮೊಳಕಾಲು ಮೀರಿದ ಹಳ್ಳ ದಾಟಿದ ದಿನವಂತೂ ಸಂಜೆಯೇ ಫಿಲ್ಲರ್ ತೆಗೆದು ಆಯಿಲಿನ ಬಣ್ಣ ನೋಡಿ.