ಪಾತ್ರೆ ಬೆಳಗಿದಂತೆ ಕಾರು ಬೆಳಗಬೇಡಿ

ಪಕ್ಕದ ಮನೆಯ ಹುಡುಗಿ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ತೆಗೆದುಕೊಂಡಿದ್ದಾಳೆ. ಕಪ್ಪು ಬಣ್ಣದ್ದು. ಆಯುಧಪೂಜೆಗೆ ಇನ್ನೂ ಹದಿನೈದು ದಿನ ಇರುವಾಗ, ಒಂದು ಭಾನುವಾರ ಬೆಳಿಗ್ಗೆ ಕಾಂಪೌಂಡ್ ಗೋಡೆಯ ಮೇಲಿಂದ ಇಣುಕಿ, "ಅಂಕಲ್, ನಾನೇ ಪಾಲಿಶ್ ಮಾಡೋಣ ಅಂತಿದೀನಿ, ಸ್ವಲ್ಪ ಬಂದು ನೋಡ್ತೀರಾ?" ಅಂದಳು. ಒಂದು ಕೈಯಲ್ಲಿ ಪೇಂಟನ್ನು ಉಜ್ಜಿ ಸವೆಸುವ ರಬ್ಬಿಂಗ್ ಕಾಂಪೌಂಡಿನ ಡಬ್ಬಿ, ಇನ್ನೊಂದರಲ್ಲಿ ಅವರಪ್ಪನ ಹಳೇ ಬನಿಯನ್. ನಾನು ಕಾಫಿ ಲೋಟ ಅಲ್ಲೇ ಇಟ್ಟು ಎದ್ದೆ.

ನನ್ನ ಮೊದಲ ಕಾರು ಕೆಂಪು ಮಾರುತಿ 800. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಬಾನೆಟ್ಟು ಸುಣ್ಣ ಸವರಿದಂತೆ ಮಂಕಾಗಿತ್ತು. ನಾನೂ ಇಂಥದ್ದೇ ಡಬ್ಬಿ ತಂದು, ನಮ್ಮಮ್ಮ ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ಹಿತ್ತಾಳೆ ದೀಪ ಬೆಳಗುತ್ತಿದ್ದಳಲ್ಲ, ಹಾಗೆ ಬೆಳಗಿದೆ. ಬಟ್ಟೆಯೆಲ್ಲ ಕೆಂಪಾಯಿತು. ಕೊಳೆ ಬರುತ್ತಿದೆ ಅಂದುಕೊಂಡು ಇನ್ನೂ ಜೋರಾಗಿ ಉಜ್ಜಿದೆ. ಬರುತ್ತಿದ್ದದ್ದು ಬಣ್ಣ! ಬಾನೆಟ್ಟಿನ ಅಂಚಿನಲ್ಲಿ ಗೇಣುದ್ದ, ಬಣ್ಣದ ಅಡಿಯ ಬೂದು ಪ್ರೈಮರ್ ಇಣುಕಿದ ಮೇಲೆಯೇ ನನಗೆ ಬುದ್ಧಿ ಬಂದದ್ದು. ಕಾರು ಮಾರುವ ದಿನದವರೆಗೂ ಆ ಗೆರೆ ನನ್ನನ್ನು ಅಣಕಿಸುತ್ತಲೇ ಇತ್ತು.

ಹಿತ್ತಾಳೆಯನ್ನು ಎಷ್ಟು ತಿಕ್ಕಿದರೂ ಒಳಗೂ ಹಿತ್ತಾಳೆಯೇ ಇರುತ್ತದೆ. ಕಾರು ಹಾಗಲ್ಲ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಗಾಜಿನಂಥ ಕ್ಲಿಯರ್ ಕೋಟ್ ಇರುತ್ತದೆ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ನಮ್ಮ ತಲೆಗೂದಲೇ ಹೆಚ್ಚುಕಮ್ಮಿ 70 ಮೈಕ್ರಾನ್ ಇರುತ್ತದೆ, ಲೆಕ್ಕ ಹಾಕಿಕೊಳ್ಳಿ. ಪಾಲಿಶ್ ಅಂದರೆ ಏನನ್ನೋ ಬಳಿದು ಹೊಳಪು ತರುವುದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ, ಗೀರಿನ ಸುತ್ತಲಿನ ಪದರವನ್ನು ಗೀರಿನ ಆಳಕ್ಕೆ ಸವೆಸಿ ಸಮ ಮಾಡುವುದೇ ಪಾಲಿಶ್. ಪ್ರತಿ ಸಲವೂ ಆ ಕೂದಲೆಳೆಯಷ್ಟೂ ಇಲ್ಲದ ಗಂಟಿನಿಂದ ಖರ್ಚು ಮಾಡುತ್ತಿರುತ್ತೇವೆ. ಹಾಗಾಗಿ ತೊಳೆಯುವುದರಲ್ಲಿ ಎಷ್ಟು ಕೆಲಸ ಮುಗಿಯುತ್ತದೋ ಅಷ್ಟನ್ನು ತೊಳೆದೇ ಮುಗಿಸಬೇಕು.

ಅವಳ ಫೋನಿನ ಟಾರ್ಚ್ ಹಾಕಿಸಿ ಬಾಗಿಲಿನ ಹತ್ತಿರ ಹಿಡಿಯಲು ಹೇಳಿದೆ. ಬೆಳಕಿನ ಸುತ್ತ ಜೇಡರ ಬಲೆಯಂತೆ ನೂರಾರು ಸಣ್ಣ ಗೀರುಗಳು. "ಇಷ್ಟೊಂದಾ!" ಅಂದಳು. ಇವು ಕಲ್ಲು ಬಡಿದು ಆದವಲ್ಲ, ಒರೆಸಿ ಒರೆಸಿ ಆದವು. ಬೆಳಿಗ್ಗೆ ಒಂದು ಬಕೆಟ್ ನೀರು, ಒಂದು ಬಟ್ಟೆಯಲ್ಲಿ ಬೀದಿಯ ಹತ್ತು ಕಾರು ಒರೆಸುತ್ತಾರಲ್ಲ, ಮೊದಲ ಕಾರಿನ ಮರಳು ಹತ್ತನೆಯದಕ್ಕೆ ತಲುಪುವುದು ಹಾಗೆ. ಸಿಗ್ನಲ್ಲಿನಲ್ಲಿ ಸಿಗುವ ಹಳದಿ ಬಟ್ಟೆಯಲ್ಲಿ ಒಣಧೂಳು ಜಾಡಿಸುವುದೂ ಸ್ಯಾಂಡ್ ಪೇಪರ್ ಆಡಿಸಿದಂತೆಯೇ. ಧೂಳು ಕೂತ ಒಣ ಕಾರನ್ನು ಯಾವತ್ತೂ ಒರೆಸಬೇಡಿ.

ತೊಳೆಯಲು ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಮೊದಲು ಮಗ್ಗಿನಿಂದ ಮೇಲಿಂದ ಕೆಳಕ್ಕೆ ನೀರು ಸುರಿದು ಸಡಿಲವಾದ ಮಣ್ಣನ್ನು ಇಳಿಸಿ. ಆಮೇಲೆ ಮೈಕ್ರೋಫೈಬರ್ ಗವಸನ್ನು ಶಾಂಪೂ ನೀರಲ್ಲಿ ಅದ್ದಿ, ಮೇಲ್ಛಾವಣಿಯಿಂದ ಶುರುಮಾಡಿ ನೇರವಾಗಿ ಎಳೆಯಿರಿ, ಸುತ್ತಿಸಬೇಡಿ. ಪ್ರತಿ ಭಾಗ ಆದ ಮೇಲೂ ಗವಸನ್ನು ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ ಮತ್ತೆ ಶಾಂಪೂಗೆ ಅದ್ದಿ. ಚಕ್ರಕ್ಕೆ ಬೇರೆಯದೇ ಬಟ್ಟೆ, ಅದು ಕೊನೆಗೆ. ಬ್ರೇಕಿನ ಪುಡಿಯೆಲ್ಲ ಅಲ್ಲಿರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿದರೆ ಪೇಂಟಿನ ಮೇಲೆ ಬಳಿದ ಮೇಣ, ಅಂದರೆ ವ್ಯಾಕ್ಸು, ಇದ್ದಬದ್ದದ್ದೂ ಕಿತ್ತುಕೊಂಡು ಹೋಗುತ್ತದೆ. ಬಟ್ಟೆ ಒಗೆಯುವ ಪುಡಿಯಂತೂ ಬೇಡವೇ ಬೇಡ.

ನೀರಿನ ವಿಷಯ ಒಂದು ಮಾತು. ನಮ್ಮ ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಪೈಪ್ ಹಿಡಿದು ಅರ್ಧ ಗಂಟೆ ಬಿಡುವ ಬದಲು ನಾಲ್ಕೈದು ಬಕೆಟ್ಟಿನಲ್ಲಿ ಮುಗಿಸಿ. ಬೋರ್‌ವೆಲ್ ನೀರಾದರೆ ತಾನಾಗಿಯೇ ಒಣಗಲು ಬಿಡಬೇಡಿ, ಗಡಸು ನೀರಿನ ಸುಣ್ಣದಂಶ ಬಿಳಿ ಚುಕ್ಕಿಯಾಗಿ ಕೂರುತ್ತದೆ. ದೊಡ್ಡ ಟವೆಲ್ ಹಾಸಿ ಮೆಲ್ಲಗೆ ಎಳೆದುಬಿಡಿ, ಸಾಕು. ಚುಕ್ಕಿ ಆಗಲೇ ಕೂತಿದ್ದರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒಂದು ನಿಮಿಷ ಒತ್ತಿಟ್ಟು, ಕೂಡಲೇ ತೊಳೆಯಿರಿ. ಕಾಗೆ ಪಾರಿವಾಳದ ಹಿಕ್ಕೆಯನ್ನು ಉಗುರಲ್ಲಿ ಕೆರೆಯಬೇಡಿ. ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ಬಿಟ್ಟರೆ ಬೆಲ್ಲ ಕರಗಿದಂತೆ ಬಿಟ್ಟುಕೊಳ್ಳುತ್ತದೆ.

ತೊಳೆದು ಒಣಗಿಸಿದ ಮೇಲೆ ಹುಡುಗಿ ಡಬ್ಬಿಗೆ ಕೈ ಹಾಕಿದಳು. ಇರು ಅಂದೆ. ಅವಳ ಕೈಗೆ ತರಕಾರಿ ತರುವ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಹಾಕಿಸಿ ಬಾನೆಟ್ಟಿನ ಮೇಲೆ ಸವರಿಸಿದೆ. ಕಣ್ಣಿಗೆ ನುಣ್ಣಗೆ ಕಂಡದ್ದು ಬೆರಳಿಗೆ ಚಿರೋಟಿ ರವೆ ಉದುರಿಸಿದಂತೆ ತರಿತರಿ. ಅದು ತೊಳೆದರೂ ಹೋಗದ ಕಬ್ಬಿಣದ ಕಣ, ಟಾರು, ಮರದ ಅಂಟು. ಇದಕ್ಕೆ ಕ್ಲೇ ಬಾರ್ ಸಿಗುತ್ತದೆ, ಹೋಳಿಗೆಯ ಕಣಕದಂತೆ ಮೆತ್ತಗಿರುತ್ತದೆ. ಶಾಂಪೂ ನೀರು ಚಿಮುಕಿಸಿಕೊಂಡು, ಉಂಡೆಯನ್ನು ಚಪ್ಪಟೆ ಮಾಡಿ, ಒತ್ತಡವಿಲ್ಲದೆ ಜಾರಿಸಿ. ಶುರುವಿನಲ್ಲಿ ಸರಸರ ಸದ್ದು ಬರುತ್ತದೆ, ಸದ್ದು ನಿಂತರೆ ಆ ಜಾಗ ಮುಗಿಯಿತು. ಆಗಾಗ ಮಡಚಿ ಹೊಸ ಮುಖ ಮಾಡಿಕೊಳ್ಳಿ. ಕೆಳಗೆ ಬಿತ್ತೋ, ಎಷ್ಟೇ ದುಡ್ಡು ಕೊಟ್ಟಿರಲಿ, ಎಸೆದುಬಿಡಿ. ಅಂಟಿದ ಒಂದು ಮರಳಿನ ಕಣ ಸಾಕು ಮನೆ ಹಾಳುಮಾಡಲು. ಆ ಭಾನುವಾರ ಇಷ್ಟಕ್ಕೇ ಮುಗಿಯಿತು. ಹುಡುಗಿಗೆ ನನ್ನ ಮೇಲೆ ಸ್ವಲ್ಪ ಮುನಿಸೇ.

ಮುಂದಿನ ಭಾನುವಾರ ಮತ್ತೆ ತೊಳೆದು ಒಣಗಿಸಿ ಪಾಲಿಶ್. ರಬ್ಬಿಂಗ್ ಕಾಂಪೌಂಡಿನ ಡಬ್ಬಿಯನ್ನು ಒಳಗಿಡಿಸಿ, ಎಲ್ಲಕ್ಕಿಂತ ನಯವಾದ ಫಿನಿಶಿಂಗ್ ಪಾಲಿಶ್ ತರಿಸಿದ್ದೆ. ಮೆತ್ತನೆಯದರಿಂದ ಶುರುಮಾಡಿ, ಸಾಲದಿದ್ದರೆ ಮಾತ್ರ ಗಟ್ಟಿಯದಕ್ಕೆ ಹೋಗಬೇಕು. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಾದರೆ ಈ ತಂಟೆಗೇ ಹೋಗಬೇಡಿ. ಕಾರು ನೆರಳಿನಲ್ಲಿರಲಿ, ತಗಡು ಮುಟ್ಟಿದರೆ ತಣ್ಣಗಿರಲಿ. ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಲಾಂಛನ ಇವಕ್ಕೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ. ಅಲ್ಲಿ ಪಾಲಿಶ್ ಕೂತು ಬಿಳುಚಿದರೆ ಹಲ್ಲುಜ್ಜುವ ಬ್ರಷ್ ಹಿಡಿದು ಒಂದು ಸಂಜೆ ಕಳೆಯಬೇಕಾಗುತ್ತದೆ. ಬಾನೆಟ್ಟಿನ ಅಂಚು, ಬಾಗಿಲಿನ ಉಬ್ಬುಗೆರೆಗಳ ಮೇಲೂ ಟೇಪ್ ಹಾಕಿ, ಅಲ್ಲಿ ಪದರ ಬೇಗ ಸವೆಯುತ್ತದೆ. ನನ್ನ ಮಾರುತಿ ಕೈಕೊಟ್ಟದ್ದೂ ಅಲ್ಲೇ.

ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಗೇಣು ಜಾಗ ಪರೀಕ್ಷೆ ಮಾಡಿ. ಸರಿ ಅನಿಸಿದರೆ ಸ್ಪಂಜಿನ ಮೇಲೆ ಬಟಾಣಿ ಗಾತ್ರದ ಮೂರು ಹನಿ ಇಟ್ಟು, ಎರಡಡಿ ಚೌಕ ಮಾತ್ರ ಹಿಡಿದುಕೊಂಡು, ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ, ಮಗುವಿನ ಬೆನ್ನಿಗೆ ಎಣ್ಣೆ ಸವರುವಷ್ಟು ಭಾರ ಹಾಕಿ. ಒಣಗುವ ಮುಂಚೆ ಒರೆಸಿ, ಟಾರ್ಚ್ ಹಿಡಿದು ನೋಡಿ. ಗೀರುಗಳು ಮುಕ್ಕಾಲು ಪಾಲು ಹೋಗಿದ್ದರೆ ಸಾಕು ಅನ್ನಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಪಾಲಿಶಿಗೆ ಹೋಗುವುದಿಲ್ಲ, ಅದನ್ನು ಬೆನ್ನಟ್ಟಬೇಡಿ. ಮಷೀನು ಬೇಕು ಅನ್ನುವವರು ಅಲುಗಾಡುತ್ತ ತಿರುಗುವ ಡಿಎ (ಡ್ಯುಯಲ್ ಆಕ್ಷನ್) ಮಷೀನು ತೆಗೆದುಕೊಳ್ಳಿ. ಒಂದೇ ಸಮನೆ ಗಿರ್ರೆಂದು ತಿರುಗುವ ರೋಟರಿ ಮಷೀನು ಒಂದೇ ಕಡೆ ನಿಂತರೆ ಪೇಂಟು ಸುಟ್ಟೇಹೋಗುತ್ತದೆ. ಮೊದಲ ಸಲಕ್ಕೆ ಕೈಯೇ ವಾಸಿ. ಕೈಗೆ ಬೇಗ ಸುಸ್ತಾಗುತ್ತದೆ, ಅದೇ ಅದರ ಒಳ್ಳೆಯ ಗುಣ.

ಕೊನೆಗೆ ವ್ಯಾಕ್ಸ್. ಇದು ಮಾತ್ರ ನಿಜವಾಗಿ ಬಳಿಯುವಂಥದ್ದು. ಕಾರ್ನೌಬ ಅಂತ ಡಬ್ಬಿಯ ಮೇಲೆ ಇರುತ್ತದಲ್ಲ, ಅದು ಬ್ರೆಜಿಲ್ ದೇಶದ ಒಂದು ಜಾತಿ ತಾಳೆಯ ಎಲೆಯಿಂದ ತೆಗೆಯುವ ಮೇಣ. ದೋಸೆ ಹೆಂಚಿಗೆ ಎಣ್ಣೆ ಸವರಿದಷ್ಟು ತೆಳ್ಳಗೆ ಸಾಕು. ಮಬ್ಬಾಗಿ ಒಣಗಿದ ಮೇಲೆ ಬೆರಳಲ್ಲಿ ಗೆರೆ ಎಳೆದು ನೋಡಿ. ಅಂಟದೆ ಸ್ವಚ್ಛವಾಗಿ ಬಂದರೆ ಒರೆಸಬಹುದು. ನಮ್ಮ ಬಿಸಿಲು ಮಳೆಗೆ ಎರಡು ತಿಂಗಳು ಬಾಳಿದರೆ ಪುಣ್ಯ. ವ್ಯಾಕ್ಸನ್ನು ಎಷ್ಟು ಸಲ ಬೇಕಾದರೂ ಹಚ್ಚಿಕೊಳ್ಳಿ, ಪಾಲಿಶ್ ಮಾತ್ರ ಅಗತ್ಯ ಬಿದ್ದಾಗ. ಒರೆಸಿದ ಮೈಕ್ರೋಫೈಬರ್ ಬಟ್ಟೆಗಳನ್ನು ಬೇರೆ ಬಟ್ಟೆಯ ಜೊತೆ ವಾಷಿಂಗ್ ಮಷೀನಿಗೆ ಹಾಕಬೇಡಿ, ಬಟ್ಟೆ ಮೆತ್ತಗಾಗಲು ಹಾಕುವ ಕಂಫರ್ಟ್ ಥರದ್ದನ್ನೂ ಹಾಕಬೇಡಿ.

ಒಳಗಿನ ಕೆಲಸ ಹೆಚ್ಚಿಲ್ಲ. ಮ್ಯಾಟ್ ತೆಗೆದು ಕೊಡವಿ, ವ್ಯಾಕ್ಯೂಮ್ ಹೊಡೆದು, ಡ್ಯಾಶ್‌ಬೋರ್ಡಿಗೆ ಹಿಂಡಿದ ಒದ್ದೆ ಬಟ್ಟೆ ಸಾಕು. ಕೊಬ್ಬರಿ ಎಣ್ಣೆ ಹಚ್ಚುವವರನ್ನು ಕಂಡಿದ್ದೇನೆ. ಎರಡೇ ದಿನಕ್ಕೆ ಧೂಳಿನ ಹೊದಿಕೆ, ಜೊತೆಗೆ ಮುಂದಿನ ಗಾಜಿನಲ್ಲಿ ಅದರದ್ದೇ ಪ್ರತಿಬಿಂಬ. ಸ್ಟೀರಿಂಗಿಗೆ, ಪೆಡಲಿಗೆ ಯಾವ ಹೊಳಪಿನ ದ್ರಾವಣವನ್ನೂ ಹಾಕಬೇಡಿ, ಜಾರಿದರೆ ಜೀವಕ್ಕೇ ಸಂಚಕಾರ.

ಹಬ್ಬದ ದಿನ ಬೆಳಿಗ್ಗೆ ಅವರಮ್ಮ ಗಂಧ ಕಲಸಿಕೊಂಡು ಬಾನೆಟ್ಟಿನ ಮೇಲೆ ಸ್ವಸ್ತಿಕ್ ಬರೆಯಲು ಬಂದರು. ಹುಡುಗಿ ನನ್ನ ಮುಖ ನೋಡಿದಳು. "ಗಾಜಿನ ಮೇಲೆ ಒಂದು ಪಕ್ಕಕ್ಕೆ ಬರೀರಮ್ಮ, ದೇವರಿಗೆ ಎಲ್ಲಾದ್ರೂ ಕಾಣುತ್ತೆ" ಅಂದೆ. ಬಾಳೆಕಂದಿನ ಹಗ್ಗ ಪೇಂಟಿಗೆ ಉಜ್ಜದಂತೆ ಕೆಳಗೆ ಮೆತ್ತನೆ ಬಟ್ಟೆ ಕೊಟ್ಟೆವು. ಎಲ್ಲ ಮುಗಿದು ಬೂದುಗುಂಬಳ ಒಡೆದಾಗ ಕುಂಕುಮದ ನೀರು ಬಂಪರಿಗೆ ಹಾರಿತು. ಅವರಪ್ಪ ಅದೇ ಬನಿಯನ್ ಹಿಡಿದು ಓಡಿ ಬಂದರು.

"ಅಪ್ಪಾ, ಒರೆಸ್ಬೇಡ! ಮೊದ್ಲು ನೀರು ಹಾಕು" ಅಂತ ಅವಳು ಅಲ್ಲಿಂದಲೇ ಕೂಗಿದಳು.