ಪೊಳ್ಳು ಬೇಸ್ ಗಿಟಾರಿನ ಇ ತಂತಿ ಸರಿಹೋದದ್ದು

ನನ್ನದು ಪಿಟೀಲಿನ ಆಕಾರದ, ಪೊಳ್ಳು ಒಡಲಿನ ಬೇಸ್ ಗಿಟಾರ್. ಸ್ಕೇಲ್, ಅಂದರೆ ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಜ್‌ವರೆಗೆ (ಒಡಲಿನ ಮೇಲೆ ತಂತಿಯನ್ನು ಎತ್ತಿ ಹಿಡಿಯುವ ಕುದುರೆ) ಮಿಡಿಯುವ ತಂತಿಯ ಉದ್ದ, 30 ಇಂಚು. ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಒದ್ದೆ ಹಗ್ಗದಂತೆ ದಪದಪ ಎನ್ನುತ್ತಿತ್ತು, ಐದನೆಯ ಫ್ರೆಟ್ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ದಾಟಿದರೆ ಶ್ರುತಿ ಏರುತ್ತಿತ್ತು.

ಬ್ರಿಜ್ ಎತ್ತರಿಸಿದೆ; ಶ್ರುತಿ ಇನ್ನಷ್ಟು ಕೆಟ್ಟಿತು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಬದಲಿಸಿದೆ, ಆ ಹಣಕ್ಕೆ ಮೂರು ಸೆಟ್ ತಂತಿ ಬರುತ್ತಿತ್ತು. 34 ಇಂಚಿನ ಬೇಸ್‌ನ ತಂತಿಯ ದಪ್ಪ ಭಾಗ ಬಿರಡೆಗೆ ಸುತ್ತಿಕೊಳ್ಳಲೇ ಇಲ್ಲ. ‘ಶಾರ್ಟ್ ಸ್ಕೇಲ್’ ಎಂದು ಬರೆದ ಸೆಟ್ ತಂದರೆ, ರೇಷ್ಮೆ ಸುತ್ತಿದ ತೆಳು ಭಾಗ ನಟ್‌ಗೆ ಮೊದಲೇ ಶುರುವಾಗಿ ಮೊದಲ ಫ್ರೆಟ್‌ನ ಮೇಲೆ ಬಂದು ಕುಳಿತಿತು.

ಅಳೆಯಬೇಕಾದದ್ದು ಸ್ಕೇಲನ್ನಲ್ಲ, ತಂತಿಯ ಗುಂಡು ಸಿಕ್ಕಿಸುವ ಟೇಲ್‌ಪೀಸ್‌ನಿಂದ ನಟ್‌ವರೆಗಿನ ದೂರವನ್ನು. ನನ್ನದರಲ್ಲಿ ಅದು 34.5 ಇಂಚು, ಇ ಬಿರಡೆ ಅಲ್ಲಿಂದ ಇನ್ನೆರಡು ಇಂಚು. ಲೋಹದ ಸುತ್ತು ಈ ಎರಡರ ನಡುವೆ ಮುಗಿಯಬೇಕು. ಹಾಗೆ ಹೊಂದಿದ್ದು 45-65-80-100 ಅಳತೆಯ (ಇಂಚಿನ ಸಾವಿರದ ಭಾಗಗಳಲ್ಲಿ ತಂತಿಗಳ ದಪ್ಪ), ಚಪ್ಪಟೆ ತಂತಿ ಸುತ್ತಿದ ಮೀಡಿಯಂ ಸ್ಕೇಲ್ ಫ್ಲಾಟ್‌ವೌಂಡ್ ಸೆಟ್.

ಬ್ರಿಜ್ ಅಂಟಿಸಿದ್ದಲ್ಲ, ತಂತಿಯ ಒತ್ತಡದಲ್ಲಷ್ಟೇ ನಿಂತಿರುತ್ತದೆ. ಆದ್ದರಿಂದ ಅದರ ಅಂಚಿಗೆ ಟೇಪ್ ಗುರುತು ಹಾಕಿ, ಒಂದೊಂದೇ ತಂತಿ ಬದಲಿಸಿದೆ. ಒಂದು ರಾತ್ರಿ ಬಿಟ್ಟು ಮತ್ತೆ ಶ್ರುತಿ ಮಾಡಿದೆ. ಬಳಿಕ ಟ್ರಸ್ ರಾಡ್ (ಕುತ್ತಿಗೆಯ ಬಾಗು ಹೊಂದಿಸುವ ಒಳಗಿನ ಕಂಬಿ): ಇ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದಾಗ ಏಳನೆಯದರ ಮೇಲೆ 0.3 ಮಿಲಿಮೀಟರ್ ಸಂದು ಉಳಿಯುವಂತೆ, ಕಾಲು ಸುತ್ತು ಮಾತ್ರ. ಅದಾದ ಮೇಲೆಯೇ ತಂತಿಗಳ ಎತ್ತರ: ಹನ್ನೆರಡನೆಯ ಫ್ರೆಟ್‌ನಲ್ಲಿ ಇ 2.5, ಎಲ್ಲಕ್ಕಿಂತ ತೆಳುವಾದ ಜಿ 2 ಮಿಲಿಮೀಟರ್. ಫ್ರೆಟ್ ಒತ್ತಿದಾಗಿನ ಶ್ರುತಿ ಹೊಂದಿಸುವುದು ಕೊನೆಗೆ. ಹನ್ನೆರಡನೆಯ ಫ್ರೆಟ್ ಒತ್ತಿದ ಸ್ವರ, ಅದೇ ಜಾಗದಲ್ಲಿ ತಂತಿಯನ್ನು ಒತ್ತದೆ ಸೋಕಿ ಮಿಡಿದಾಗ ಬರುವ ಹಾರ್ಮೋನಿಕ್‌ಗಿಂತ ಏರಿದ್ದರೆ, ತಂತಿಗಳನ್ನು ಸಡಿಲಿಸಿ ಬ್ರಿಜ್ಜನ್ನು ಟೇಲ್‌ಪೀಸ್ ಕಡೆಗೆ ಸರಿಸಬೇಕು. ಇ ಬದಿಯಲ್ಲಿ 4 ಮಿಲಿಮೀಟರ್ ಸರಿಸಿದೆ, ಜಿ ಬದಿಯಲ್ಲಿ 1.