ಇಡಿಎಂ: ಗಟ್ಟಿ ಉಕ್ಕನ್ನು ಕಿಡಿಯಿಂದ ಕೊರೆಯುವ ಬಗೆ

ಹಾರ್ಡನಿಂಗ್ ಆಗಿ 60 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಗಡಸುತನದ ಅಳತೆ) ಮುಟ್ಟಿದ ಡೈ ಉಕ್ಕಿನಲ್ಲಿ ಚೂಪು ಒಳಮೂಲೆಯ ಆಳವಾದ ಗುಳಿ ಬೇಕಿದ್ದರೆ ಮಿಲ್ಲಿಂಗ್ ಕಟರ್ ಕೈಕೊಡುತ್ತದೆ. ಕಟರ್ ದುಂಡಗಿರುವುದರಿಂದ ಮೂಲೆಯಲ್ಲಿ ರೇಡಿಯಸ್ ಉಳಿಯುತ್ತದೆ. ಸಣ್ಣ ಕಟರ್ ಹಾಕಿದರೆ ಅದು ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಇಂಥ ಕಡೆ ಇಡಿಎಂ, ಅಂದರೆ ಎಲೆಕ್ಟ್ರಿಕಲ್ ಡಿಸ್ಚಾರ್ಜ್ ಮೆಷಿನಿಂಗ್ ಬೇಕು. ಇದರಲ್ಲಿ ಟೂಲ್ ಜಾಬನ್ನು (ಕೊರೆಯಬೇಕಾದ ಲೋಹದ ತುಂಡನ್ನು) ಮುಟ್ಟುವುದೇ ಇಲ್ಲ, ಹಾಗಾಗಿ ಲೋಹದ ಗಡಸುತನ ಅಡ್ಡಿಯಾಗುವುದಿಲ್ಲ. ಜಾಬಿನಲ್ಲಿ ಕರೆಂಟ್ ಹರಿದರೆ ಸಾಕು. ಪ್ಲಾಸ್ಟಿಕ್ ಮೋಲ್ಡ್, ಫೋರ್ಜಿಂಗ್ ಡೈ, ಪ್ರೆಸ್ ಟೂಲಿನ ಪಂಚ್, ಡೀಸೆಲ್ ಇಂಜೆಕ್ಟರ್ ನಾಝಲ್‌ನ ಸೂಕ್ಷ್ಮ ರಂಧ್ರ, ಜೆಟ್ ಎಂಜಿನ್ ಟರ್ಬೈನ್ ಬ್ಲೇಡಿನ ತಂಪುರಂಧ್ರ, ಕಾರ್ಬೈಡ್ ಟೂಲ್ ಎಲ್ಲಕ್ಕೂ ಇದು ಬಳಕೆಯಲ್ಲಿದೆ.

ಎಲೆಕ್ಟ್ರೋಡ್ (ಇಲ್ಲಿನ ಟೂಲ್) ಮತ್ತು ಜಾಬ್ ಎರಡೂ ಡೈಎಲೆಕ್ಟ್ರಿಕ್ (ಕರೆಂಟ್ ಹರಿಯಗೊಡದ) ದ್ರವದಲ್ಲಿ, ಸಾಮಾನ್ಯವಾಗಿ ಎಣ್ಣೆಯಲ್ಲಿ, ಮುಳುಗಿರುತ್ತವೆ. ನಡುವಿನ ಗ್ಯಾಪ್ ಸಾಮಾನ್ಯವಾಗಿ 0.01ರಿಂದ 0.1 ಮಿ.ಮೀ. ವೋಲ್ಟೇಜ್ ಕೊಟ್ಟಾಗ ಎರಡೂ ಅತಿ ಹತ್ತಿರವಿರುವ ಜಾಗದಲ್ಲಿ ದ್ರವದ ನಿರೋಧ ಮುರಿದು ಕಿಡಿ ಹಾರುತ್ತದೆ. ಕಿಡಿಯ ನಾಳದಲ್ಲಿ ಉಷ್ಣತೆ 8,000 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಅಲ್ಲಿನ ಲೋಹ ಕರಗುತ್ತದೆ, ಸ್ವಲ್ಪ ಭಾಗ ಆವಿಯಾಗುತ್ತದೆ. ಕರೆಂಟ್ ನಿಂತ ಕೂಡಲೇ ನಾಳ ಕುಸಿಯುತ್ತದೆ, ಕರಗಿದ ಲೋಹ ಚಿಮ್ಮಿ ದ್ರವದಲ್ಲಿ ಸಣ್ಣ ಕಣಗಳಾಗಿ ಗಟ್ಟಿಯಾಗುತ್ತದೆ. ಒಂದು ಕಿಡಿಗೆ ಒಂದು ಕುಳಿ, ಸೆಕೆಂಡಿಗೆ ಸಾವಿರಾರು ಕಿಡಿ. 1943ರಲ್ಲಿ ಸೋವಿಯತ್ ವಿಜ್ಞಾನಿ ದಂಪತಿ ಬಿ.ಆರ್. ಲಜರೆಂಕೊ ಮತ್ತು ಎನ್.ಐ. ಲಜರೆಂಕೊ ಸ್ವಿಚ್ ಕಾಂಟ್ಯಾಕ್ಟ್‌ಗಳನ್ನು ಕಿಡಿ ತಿನ್ನದಂತೆ ತಡೆಯುವ ದಾರಿ ಹುಡುಕುತ್ತಿದ್ದರು. ಕೊನೆಗೆ ಆ ತಿನ್ನುವ ಗುಣವನ್ನೇ ಕೆಲಸಕ್ಕೆ ಹಚ್ಚಿದರು.

ಹೊಸಬರು ಕೆಲಸ ಬೇಗ ಮುಗಿಯಲೆಂದು ಮೊದಲು ಆಂಪಿಯರ್ ಏರಿಸುತ್ತಾರೆ. ನಿಜವಾದ ವೇಗ ಇರುವುದು ಗ್ಯಾಪಿನಿಂದ ಕಣಗಳು ಎಷ್ಟು ಚೆನ್ನಾಗಿ ಹೊರಹೋಗುತ್ತವೆ ಎಂಬುದರಲ್ಲಿ. ಕೆಳಗಿನ ಎಲ್ಲ ಹಂತಗಳಲ್ಲೂ ಇದನ್ನು ಮನಸ್ಸಿನಲ್ಲಿಡಿ.

ಎಲೆಕ್ಟ್ರೋಡಿಗೆ ತಾಮ್ರ ಅಥವಾ ಗ್ರಾಫೈಟ್ ತೆಗೆದುಕೊಳ್ಳಿ. ನುಣುಪು ಫಿನಿಶ್ ಬೇಕಾದ ಸಣ್ಣ ಕೆಲಸಕ್ಕೆ ತಾಮ್ರ ಒಳ್ಳೆಯದು. ದೊಡ್ಡ ರಫಿಂಗ್‌ಗೆ (ಮೊದಲ ಒರಟು ಕೊರೆತಕ್ಕೆ) ಗ್ರಾಫೈಟ್ ಹಗುರ, ಮೆಷಿನಿಂಗೂ ಸುಲಭ. ಆದರೆ ಅದರ ದೂಳು ಮೆಷಿನ್ನಿನ ಗೈಡ್‌ಗಳಿಗೆ ಕೆಡುಕು, ಆದ್ದರಿಂದ ಅದನ್ನು ಕತ್ತರಿಸುವಾಗ ದೂಳು ಹೀರುವ ವ್ಯವಸ್ಥೆ ಇರಲೇಬೇಕು. ಕಾರ್ಬೈಡ್ ಜಾಬಿಗೆ ಕಾಪರ್ ಟಂಗ್‌ಸ್ಟನ್ ಸವೆತ ತಡೆಯುತ್ತದೆ.

ಎಲೆಕ್ಟ್ರೋಡನ್ನು ಬೇಕಾದ ಅಳತೆಗಿಂತ ಚಿಕ್ಕದಾಗಿ ಮಾಡಬೇಕು, ಏಕೆಂದರೆ ಕಿಡಿ ಪಕ್ಕಕ್ಕೂ ತಿನ್ನುತ್ತದೆ. 20.00 ಮಿ.ಮೀ. ಅಗಲದ ಗುಳಿಗೆ ರಫಿಂಗ್‌ನಲ್ಲಿ ಒಂದು ಬದಿಗೆ 0.20 ಬಿಟ್ಟರೆ ಎಲೆಕ್ಟ್ರೋಡ್ 19.60 ಆಗುತ್ತದೆ. ಫಿನಿಶಿಂಗ್‌ಗೆ ಬದಿಗೆ 0.08 ಸಾಕಾದರೆ 19.84. ನಿಖರ ಸಂಖ್ಯೆಯನ್ನು ನಿಮ್ಮ ಮೆಷಿನ್ನಿನ ಟೇಬಲಿನಿಂದಲೇ ತೆಗೆದುಕೊಳ್ಳಿ, ಆಂಪಿಯರ್ ಬದಲಾದರೆ ಗ್ಯಾಪೂ ಬದಲಾಗುತ್ತದೆ. ರಫಿಂಗ್‌ನಲ್ಲಿ ಸವೆದ ಎಲೆಕ್ಟ್ರೋಡಿನಿಂದ ಫಿನಿಶಿಂಗ್ ಮಾಡಿದರೆ ಮೂಲೆಗಳು ದುಂಡಾಗುತ್ತವೆ, ಆದ್ದರಿಂದ ಎರಡನ್ನೂ ಬೇರೆ ಬೇರೆ ಮಾಡಿಡಿ.

ಜಾಬನ್ನು ಒರೆಸಿ, ಡಯಲ್ ಇಂಡಿಕೇಟರಿನಿಂದ 0.01 ಮಿ.ಮೀ. ಒಳಗೆ ನೇರ ಮಾಡಿ ಹಿಡಿಸಿ. ನಂತರ ಎಲೆಕ್ಟ್ರೋಡನ್ನು ಎರಡೂ ದಿಕ್ಕಿನಲ್ಲಿ ಲಂಬವಾಗಿಸಿ. ಎಣ್ಣೆಯ ಮಟ್ಟ ಕಿಡಿ ಹಾರುವ ಜಾಗಕ್ಕಿಂತ ಕನಿಷ್ಠ 50 ಮಿ.ಮೀ. ಮೇಲಿರಲಿ. ಕಿಡಿ ಎಣ್ಣೆಯ ಮೇಲ್ಮೈ ಹತ್ತಿರ ಬಂದರೆ ಆವಿಗೆ ಬೆಂಕಿ ಹತ್ತುತ್ತದೆ. ಬೇಗ ಬೆಂಕಿ ಹಿಡಿಯುವ ಸೀಮೆಎಣ್ಣೆಗಿಂತ ಹೆಚ್ಚು ಫ್ಲ್ಯಾಶ್ ಪಾಯಿಂಟ್ (ಆವಿಗೆ ಬೆಂಕಿ ಹತ್ತುವ ಉಷ್ಣತೆ) ಇರುವ ಇಡಿಎಂ ಎಣ್ಣೆ ಸುರಕ್ಷಿತ. ಲೆವೆಲ್ ಸ್ವಿಚ್ಚನ್ನೂ ಬೆಂಕಿ ಸೆನ್ಸರನ್ನೂ ಬೈಪಾಸ್ ಮಾಡಲೇಬೇಡಿ. ಪವರ್ ಇರುವಾಗ ಎಲೆಕ್ಟ್ರೋಡ್ ಮುಟ್ಟಬೇಡಿ. ಹೊಗೆ ಎಳೆಯುವ ಫ್ಯಾನ್ ಓಡುತ್ತಿರಲಿ.

ತಾಮ್ರ ಎಲೆಕ್ಟ್ರೋಡಿನಲ್ಲಿ ಉಕ್ಕನ್ನು ರಫ್ ಮಾಡುವಾಗ ಎಲೆಕ್ಟ್ರೋಡನ್ನು ಪಾಸಿಟಿವ್ ಇಟ್ಟು, ಆನ್ ಟೈಮ್ (ಪ್ರತಿ ಕಿಡಿಗೆ ಕರೆಂಟ್ ಇರುವ ಅವಧಿ) 100ರಿಂದ 200 ಮೈಕ್ರೋಸೆಕೆಂಡ್ ಕೊಟ್ಟರೆ ಸವೆತ ಬಹಳ ಕಡಿಮೆ. ಕರೆಂಟಿಗೆ ಒಂದು ಮಿತಿಯಿದೆ: ಎಲೆಕ್ಟ್ರೋಡಿನ ಮುಖದ ಪ್ರತಿ ಚದರ ಸೆಂ.ಮೀ.ಗೆ ಸುಮಾರು 10 ಆಂಪಿಯರ್. 2 ಚದರ ಸೆಂ.ಮೀ. ಮುಖಕ್ಕೆ 20ರ ಮೇಲೆ ಹೋಗಬೇಡಿ. ಫಿನಿಶಿಂಗ್‌ಗೆ ಕೆಲವೇ ಆಂಪಿಯರ್, ಆನ್ ಟೈಮ್ 5ರಿಂದ 20 ಮೈಕ್ರೋಸೆಕೆಂಡ್.

ಆಫ್ ಟೈಮ್ ಅಂದರೆ ದ್ರವಕ್ಕೆ ಮತ್ತೆ ನಿರೋಧ ಪಡೆಯಲು ಮತ್ತು ಕಣಗಳಿಗೆ ಜಾರಿಹೋಗಲು ಸಿಗುವ ಬಿಡುವು. ಅದನ್ನು ಕಡಿಮೆ ಮಾಡಿದರೆ ಅದೇ ಜಾಗಕ್ಕೆ ಕಿಡಿ ಪದೇ ಪದೇ ಬಿದ್ದು ಆರ್ಕ್ ಆಗುತ್ತದೆ. ಲಕ್ಷಣ ಹೀಗಿರುತ್ತದೆ: ಸಮನಾದ ಚಟಪಟ ಸದ್ದು ನಿಲ್ಲುತ್ತದೆ, ಒಂದೇ ಬಿಂದುವಿನಲ್ಲಿ ಬೆಳಕು ನಿಲ್ಲುತ್ತದೆ, ಕಪ್ಪು ಗುಳ್ಳೆಗಳು ಏಳುತ್ತವೆ, ಗ್ಯಾಪ್ ವೋಲ್ಟೇಜ್ ಬೀಳುತ್ತದೆ. ಕೂಡಲೇ ನಿಲ್ಲಿಸಿ, ಎಲೆಕ್ಟ್ರೋಡ್ ಎತ್ತಿ ನೋಡಿ. ತಳದಲ್ಲಿ ಸಾಸಿವೆಯಷ್ಟು ದೊಡ್ಡ ಗಟ್ಟಿ ಕಾರ್ಬನ್ ಗಂಟು, ಅದರ ಎದುರು ಎಲೆಕ್ಟ್ರೋಡಿನಲ್ಲಿ ಕುಳಿ ಕಾಣುತ್ತದೆ. ಎರಡೂ ಕಡೆ ಕೆರೆದು ಶುಚಿಮಾಡದೆ ಮುಂದುವರಿಸಿದರೆ ಕಿಡಿ ಅಲ್ಲೇ ಬೀಳುತ್ತದೆ, ಜಾಬಿನಲ್ಲಿ ಪಾಲಿಷ್‌ಗೂ ಹೋಗದ ಗುಂಡಿ ಉಳಿಯುತ್ತದೆ. ಆಮೇಲೆ ಆಫ್ ಟೈಮ್ ಹೆಚ್ಚಿಸಿ, ಎಲೆಕ್ಟ್ರೋಡ್ ಮೇಲೆದ್ದು ಇಳಿಯುವ ಜಂಪನ್ನು ಪದೇ ಪದೇ ಆಗುವಂತೆ ಇಡಿ. ಆಳ ಹೆಚ್ಚಾದಷ್ಟೂ ಜಂಪಿನ ಎತ್ತರವೂ ಹೆಚ್ಚಿರಲಿ.

ಕಣಗಳನ್ನು ತೊಳೆದುಹಾಕಲು ಗ್ಯಾಪಿಗೆ ಎಣ್ಣೆ ಹರಿಸುವ ಫ್ಲಶಿಂಗ್‌ನ ಪ್ರೆಷರ್ ಅತಿಯಾದರೂ ಕೆಟ್ಟದ್ದೇ: ಎಲೆಕ್ಟ್ರೋಡ್ ಅಲುಗುತ್ತದೆ, ಸವೆತ ಒಂದು ಕಡೆಗೆ ವಾಲುತ್ತದೆ. ಎಲೆಕ್ಟ್ರೋಡಿನ ಒಳಗೆ ರಂಧ್ರವಿದ್ದರೆ ಅದರ ಮೂಲಕ ಮೆಲ್ಲಗೆ ಎಣ್ಣೆ ಹರಿಸುವುದೇ ಉತ್ತಮ. ರಂಧ್ರದೊಳಗೆ ಮುರಿದ ಎಂ8 ಟ್ಯಾಪ್ (8 ಮಿ.ಮೀ. ಥ್ರೆಡ್ ಕೊರೆಯುವ ಟೂಲ್) ತೆಗೆಯಲು ಇದೇ ಉಪಾಯ. 4ರಿಂದ 5 ಮಿ.ಮೀ. ತಾಮ್ರದ ಟೊಳ್ಳು ಕೊಳವೆಯಿಂದ ಟ್ಯಾಪಿನ ನಡುಭಾಗ ತಿಂದರೆ ಹಲ್ಲುಗಳು ಬಿಡಿಯಾಗುತ್ತವೆ, ಚಿಮಟದಿಂದ ಎತ್ತಿಹಾಕಬಹುದು. ಜಾಬಿನ ಥ್ರೆಡ್ ಉಳಿಯುತ್ತದೆ.

ಮುಗಿದ ಮೇಲ್ಮೈ ಮೇಲೆ ಕರಗಿ ಮತ್ತೆ ಗಟ್ಟಿಯಾದ ರೀಕಾಸ್ಟ್ ಪದರ ಇರುತ್ತದೆ. ರಫಿಂಗ್ ಜೋರಾದಷ್ಟೂ ಅದು ದಪ್ಪ, ಅದರಲ್ಲಿ ಸೂಕ್ಷ್ಮ ಬಿರುಕುಗಳೂ ಇರಬಹುದು. ಪದೇ ಪದೇ ಹೊಡೆತ ತಿನ್ನುವ ಡೈಯಲ್ಲಿ ಇದು ಬಿರುಕಿಗೆ ಮೊದಲ ಜಾಗವಾಗುತ್ತದೆ. ಆಂಪಿಯರನ್ನು ಹಂತಹಂತವಾಗಿ ಇಳಿಸಿ ಮುಗಿಸಿ, ಉಳಿದದ್ದನ್ನು ಪಾಲಿಷ್ ಮಾಡಿ ತೆಗೆಯಿರಿ.

ಇಡಿಎಂನ ಇನ್ನೊಂದು ಬಗೆಯಾದ ವೈರ್‌ಕಟ್ಟಿನಲ್ಲಿ ಆಕಾರ ಕೊಟ್ಟ ಎಲೆಕ್ಟ್ರೋಡ್ ಬದಲು ಚಲಿಸುವ ತಂತಿ, ಎಣ್ಣೆಯ ಬದಲು ಸಾಮಾನ್ಯವಾಗಿ ಡಿಅಯೋನೈಸ್ಡ್ ನೀರು. ಬ್ರಾಸ್ ವೈರ್ ಸಾಮಾನ್ಯವಾಗಿ 0.25 ಮಿ.ಮೀ. ಆಫ್‌ಸೆಟ್ (ಬೇಕಾದ ಗೆರೆಯಿಂದ ತಂತಿಯ ನಡುವನ್ನು ಸರಿಸಿಡುವ ದೂರ) ಅಂದರೆ ತಂತಿಯ ಅರ್ಧ ದಪ್ಪ ಮತ್ತು ಗ್ಯಾಪ್ ಕೂಡಿದ್ದು: 0.125 ಮತ್ತು 0.02 ಸೇರಿ 0.145. ತಂತಿಗೆ ಕರೆಂಟ್ ಮುಟ್ಟಿಸುವ ಕಾರ್ಬೈಡ್ ಕಾಂಟ್ಯಾಕ್ಟ್ ಸವೆದಾಗ, ನೀರು ಚಿಮ್ಮಿಸುವ ನಾಝಲ್ ಜಾಬಿನಿಂದ ದೂರವಾಗಿ ಫ್ಲಶಿಂಗ್ ಚೆದುರಿದಾಗ, ಪವರ್ ಮೀರಿದಾಗ ತಂತಿ ತುಂಡಾಗುತ್ತದೆ. ಹಾರ್ಡನ್ ಆದ ಪ್ಲೇಟಿನಲ್ಲಿ ಒಳಒತ್ತಡ ಬಿಡುಗಡೆಯಾಗಿ ಕತ್ತರಿಸಿದ ಸೀಳು ತೆರೆಯುವುದೂ ಮುಚ್ಚುವುದೂ ಇದೆ. ಅದಕ್ಕೆ ಅಂಚಿನಿಂದ ಕತ್ತರಿಸದೆ ಒಳಗೆ ಆರಂಭದ ರಂಧ್ರ ಕೊರೆದು ಅಲ್ಲಿಂದ ಶುರುಮಾಡಿ. ಕೊನೆಗೆ 3ರಿಂದ 5 ಮಿ.ಮೀ. ಟ್ಯಾಬ್ (ಕತ್ತರಿಸದ ಭಾಗ) ಬಿಟ್ಟು, ತುಂಡನ್ನು ಕ್ಲಾಂಪ್ ಅಥವಾ ಮ್ಯಾಗ್ನೆಟ್‌ನಿಂದ ಹಿಡಿದ ಮೇಲೆ ಟ್ಯಾಬನ್ನು ಕತ್ತರಿಸಿ. ಇಲ್ಲದಿದ್ದರೆ ಬೀಳುವ ತುಂಡು ತಂತಿಯನ್ನು ಒತ್ತಿ ಶಾರ್ಟ್ ಮಾಡುತ್ತದೆ, ಕೆಳಗಿನ ನಾಝಲ್‌ಗೂ ಬಡಿಯುತ್ತದೆ.